ಅಟ್ಟ ಸೇರಿದ ಅಕ್ಷರಗಳು

ತೋಪಿನಹಳ್ಳಿ ಸಕ್ಕರೆ ಕಾರ್ಖಾನೆ,
ಮದ್ದೂರು ತಾಲ್ಲೂಕು
೬ ಜೂನ್ ೧೯೯೪

ಶಿವರಾಜು,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಾನೆಂದು ಗೊತ್ತಾಗಿರುತ್ತದೆ. ಒಡೆಯದೆ ಬಿಸಾಡಿರುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಪಾಲಿಟೆಕ್ನಿಕ್ ಮುಗಿದ ವರ್ಷ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನೀನು ಮಳವಳ್ಳಿ ಬಸ್ಸು ಹತ್ತಿದೆ. ಆಮೇಲೆ ನಮ್ಮಿಬ್ಬರಲ್ಲಿ ಯಾರೂ ಒಂದು ಕಾರ್ಡು ಹಾಕಲಿಲ್ಲ. ನೀನು ಅಲ್ಲಿ ಕಂಪ್ಯೂಟರ್ ರಿಪೇರಿ, ಟೈಪಿಂಗ್ ಎರಡೂ ಸೇರಿಸಿ ಅಂಗಡಿ ಇಟ್ಟಿದ್ದೀಯ ಎಂದು ಹೊಳಲಿನ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ಹೇಳಿದರು. ವಿಳಾಸ ಕೊಟ್ಟವರೂ ಅವರೇ.

ಕೆಲಸದ ಮಾತಿಗೆ ಬರುತ್ತೇನೆ. ನಾವಿಬ್ಬರೂ ಕೊನೆಯ ವರ್ಷ ಬರೆದ ಕನ್ನಡ ಪ್ರೋಗ್ರಾಂ ಇನ್ನೂ ಇಲ್ಲಿ ಓಡುತ್ತಿದೆ. ಯಾವ ದಿನ ಕಬ್ಬು ಕಡಿಯಬೇಕು ಎಂದು ರೈತರಿಗೆ ಕೊಡುವ ಪರ್ಮಿಟ್ ಅದರಿಂದಲೇ ಕನ್ನಡದಲ್ಲಿ ಅಚ್ಚಾಗುತ್ತದೆ. ಈ ವರ್ಷ ಕಾರ್ಖಾನೆಗೆ ನೆಟ್‌ವರ್ಕ್ ಬಂತು. ತೂಕದ ಮನೆ, ಕಬ್ಬಿನ ವಿಭಾಗ, ಅಕೌಂಟ್ಸ್ ಮೂರಕ್ಕೂ ತಂತಿ ಎಳೆದು, ಮ್ಯಾನೇಜರ್ ಕೋಣೆಯ ಪಕ್ಕದಲ್ಲಿರುವ ದೊಡ್ಡ ಮೆಷಿನ್ನಿಗೆ ಸೇರಿಸಿದ್ದಾರೆ. ಆ ತಂತಿಯ ಜೊತೆ ಮಾತಾಡಲು ಪ್ರತಿ ಕಂಪ್ಯೂಟರಿನಲ್ಲೂ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಶುರುವಿನಲ್ಲೇ ಬಂದು ಮೆಮೊರಿಯಲ್ಲಿ ಕೂರಬೇಕು. ಕೂತದ್ದು ಮೆಷಿನ್ ಆರಿಸುವವರೆಗೆ ಏಳುವುದಿಲ್ಲ. ನಮ್ಮ ಕನ್ನಡವೂ ಹಾಗೇ ಕೂರುವಂಥದ್ದು.

ಇರುವ ಜಾಗವೋ ಆರುನೂರ ನಲವತ್ತು ಕಿಲೋಬೈಟು, ನಮ್ಮ ಭಾಷೆಯಲ್ಲಿ ಕೆ. ಅದರಲ್ಲಿ ಮೆಷಿನ್ ನಡೆಸುವ ಡಾಸ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದರ ಮೇಲೆ ನೆಟ್‌ವರ್ಕ್ ಡ್ರೈವರು, ಕನ್ನಡ ಎರಡೂ ಬಂದು ಕೂತರೆ ಪರ್ಮಿಟ್ ಹೊಡೆಯುವ ಪ್ರೋಗ್ರಾಮಿಗೆ ಇಪ್ಪತ್ತೆರಡು ಕೆ ಕಡಿಮೆ ಬೀಳುತ್ತದೆ. ಮೆಮೊರಿ ಸಾಲದು ಎಂದು ಒಂದೇ ಒಂದು ಸಾಲು ತೋರಿಸಿ ಮೆಷಿನ್ನು ಕೈಕಟ್ಟಿ ನಿಲ್ಲುತ್ತದೆ.

ನೆಟ್‌ವರ್ಕ್ ಹಾಕಲು ಬಂದ ಬೆಂಗಳೂರಿನವರು ಸುಲಭದ ದಾರಿ ಹೇಳಿದರು: ಕನ್ನಡ ತೆಗೆಯಿರಿ, ಪರ್ಮಿಟ್ ಇಂಗ್ಲಿಷಿನಲ್ಲಿ ಕೊಡಿ. ಮ್ಯಾನೇಜರ್‌ಗೆ ಅದು ಹಿಡಿಸಿಬಿಟ್ಟಿದೆ. "ರೈತ್ರ ಮನೇಲಿ ಓದಿರೋನು ಒಬ್ಬ ಇದ್ದೇ ಇರ್ತಾನೆ ಕಣ್ರೀ, ಓದಿ ಹೇಳ್ತಾನೆ ಬಿಡ್ರಿ" ಎನ್ನುತ್ತಾರೆ. ಜುಲೈ ಕೊನೆಗೆ ಕಬ್ಬು ಅರೆಯುವುದು ಶುರು. ಅಷ್ಟರೊಳಗೆ ನಮ್ಮ ಪ್ರೋಗ್ರಾಂ ಸಣ್ಣದು ಮಾಡಲು ಆಗುತ್ತದೆಯೇ? ನಾನೂ ಕೈಹಾಕಿ ನೋಡಿದೆ. ಎರಡು ಕೆ ಉಳಿಯಿತು, ಒತ್ತಕ್ಷರಗಳೆಲ್ಲ ಮಾಯವಾದವು. ಒಳಗಿನ ಭಾಗ ಬರೆದವನು ನೀನು. ನಾನು ಬರೆದದ್ದು ಮೇಲೆ ಕಾಣುವ ಪರದೆ ಮಾತ್ರ.

ಫೋನಿನಲ್ಲಿ ಕೇಳಬಹುದಿತ್ತು. ಫೋನಿನಲ್ಲಿ ನೀನು ಸುಮ್ಮನಾಗಿಬಿಟ್ಟರೆ ನನಗೆ ಮುಂದೆ ಮಾತಾಡಲು ಬರುವುದಿಲ್ಲ.

ನಿನ್ನ
ಜಯಪ್ರಕಾಶ್


ಮಳವಳ್ಳಿ
೧೫ ಜೂನ್ ೧೯೯೪

ಜಯಪ್ರಕಾಶ್,

ಕಾಗದ ತಲುಪಿತು. ಒಡೆದೇ ಓದಿದೆ.

ಮೂಲ ಫ್ಲಾಪಿ ನಿನ್ನ ಬಳಿ ಇದೆ. ಕಾರ್ಖಾನೆಯ ನೌಕರ ನೀನು. ಒಳಗಿನ ಭಾಗ ಬದಲಿಸುವುದು ವಾರಗಟ್ಟಲೆ ಕೆಲಸ, ಅಂಗಡಿ ಮುಚ್ಚಿಕೊಂಡು ಅದನ್ನು ಮಾಡಲು ನನಗೆ ಕಾರಣ ಕಾಣುವುದಿಲ್ಲ. ಶಾಲೆ ಕಾಲೇಜು ಶುರುವಾಗಿ ಜಾತಿ ಪ್ರಮಾಣಪತ್ರದ ಅರ್ಜಿ ಟೈಪು ಮಾಡಿಸಲು ಬೆಳಿಗ್ಗೆಯಿಂದ ಜನ ಬಾಗಿಲಲ್ಲಿ ನಿಂತಿರುತ್ತಾರೆ.

ಆದರೂ ಒಂದು ದಾರಿ ಇದೆ. ನಿಮ್ಮಲ್ಲಿ ಡಾಸ್ ಆರನೆಯ ಆವೃತ್ತಿ ಇದ್ದರೆ, ಮೆಷಿನ್ ಶುರುವಾಗುವಾಗಲೇ ಒಂದು ಮೆನು ಕೊಡಬಹುದು. ಒಂದನ್ನು ಒತ್ತಿದರೆ ಕನ್ನಡ ಕೂರುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಎರಡನ್ನು ಒತ್ತಿದರೆ ನೆಟ್‌ವರ್ಕ್ ಬರುತ್ತದೆ, ಕನ್ನಡ ಇರುವುದಿಲ್ಲ. ಬೆಳಿಗ್ಗೆ ನೆಟ್‌ವರ್ಕಿನಲ್ಲಿ ಆ ದಿನದ ಕಟಾವು ಸರದಿಯನ್ನು ಇಳಿಸಿಕೊಳ್ಳಿ. ಮೆಷಿನ್ ಆರಿಸಿ ಮತ್ತೆ ಹಚ್ಚಿ, ಕನ್ನಡದಲ್ಲಿ ಪರ್ಮಿಟ್ ಹೊಡೆಯಿರಿ. ಆಮೇಲೆ ಮತ್ತೆ ಆರಿಸಿ ನೆಟ್‌ವರ್ಕಿಗೆ ಹೋಗಿ. ಎರಡೂ ಒಟ್ಟಿಗೆ ಇರಲೇಬೇಕೆಂಬ ಹಟ ಬಿಟ್ಟರೆ ಜಾಗದ ಪ್ರಶ್ನೆಯೇ ಬರುವುದಿಲ್ಲ. ಬರೆಯಬೇಕಾದ ಸಾಲುಗಳು ಹಾಳೆಯ ಹಿಂಬದಿಯಲ್ಲಿವೆ.

ಇದನ್ನು ಗಮನಿಸು. ಯಾರೂ ಏನೂ ಒತ್ತದಿದ್ದರೆ ಮೆಷಿನ್ ಸ್ವಲ್ಪ ಹೊತ್ತು ಕಾದು ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಅದು ಕನ್ನಡವೇ ಆಗಿರಲಿ. ನೆಟ್‌ವರ್ಕ್ ಇಲ್ಲದಿದ್ದರೆ ಯಾರಾದರೂ ತಕ್ಷಣ ಕೂಗುತ್ತಾರೆ. ಕನ್ನಡ ಇಲ್ಲದಿದ್ದರೆ ಕೂಗಬೇಕಾದವರು ಕಾರ್ಖಾನೆಯ ಒಳಗೆ ಇರುವುದಿಲ್ಲ.

ಶಿವರಾಜು


ತೋಪಿನಹಳ್ಳಿ
೯ ಆಗಸ್ಟ್ ೧೯೯೪

ಶಿವು,

ನಿನ್ನ ಮೆನು ಕೆಲಸ ಮಾಡುತ್ತಿದೆ. ಮ್ಯಾನೇಜರ್ ಮೂಗು ಮುರಿದರೂ ಒಪ್ಪಿಕೊಂಡರು. ಕಬ್ಬಿನ ವಿಭಾಗದಲ್ಲಿ ಮೆಷಿನ್ ನೋಡಿಕೊಳ್ಳುವವನು ಅಂಬರೀಶ ಎಂಬ ಆಪರೇಟರ್. "ದಿನಾ ಎಲ್ಡು ಸಲ ಸಾಯ್ಸಿ ಎಲ್ಡು ಸಲ ಬದುಕಿಸ್ಬೇಕಲ್ಲ ಸಾರ್ ಇದ್ನ" ಎಂದು ಗೊಣಗುತ್ತಾನೆ. ಗೊಣಗಿಕೊಂಡೇ ಮಾಡುತ್ತಾನೆ.

ನೀನು ಹೇಳಿದ್ದರಲ್ಲಿ ಒಂದನ್ನು ಮಾತ್ರ ತಿರುಗಿಸಿದ್ದೇನೆ. ಏನೂ ಒತ್ತದಿದ್ದರೆ ನೆಟ್‌ವರ್ಕ್ ಬರುವಂತೆ ಇಟ್ಟಿದ್ದೇನೆ. ಬೆಳಿಗ್ಗೆ ಮ್ಯಾನೇಜರ್ ಬಂದಾಗ ಅವರ ಪರದೆಯಲ್ಲಿ ಕಬ್ಬಿನ ವಿಭಾಗ ಕಾಣದಿದ್ದರೆ ಕಾರ್ಖಾನೆ ಹಾರಿಹೋಗುವ ಹಾಗೆ ಕೂಗಾಡುತ್ತಾರೆ. ನೀನೇ ಬರೆದಿದ್ದೆಯಲ್ಲ, ಕೂಗುವವರು ಒಳಗಿರುತ್ತಾರೆ ಎಂದು. ಕನ್ನಡ ಕೂತಿಲ್ಲದಾಗ ಪರ್ಮಿಟ್ ಇಂಗ್ಲಿಷಿನಲ್ಲಿ ಬರುವ ವ್ಯವಸ್ಥೆಯನ್ನು ಬೆಂಗಳೂರಿನವರು ಆಗಲೇ ಮಾಡಿಟ್ಟಿದ್ದಾರೆ. ಹಾಗಾಗಿ ಕೆಲಸವಂತೂ ನಿಲ್ಲುವುದಿಲ್ಲ.

ಮೊನ್ನೆ ರೈತರ ಪಟ್ಟಿ ನೋಡುವಾಗ "ಚಲುವಮ್ಮ ಕೋಂ ಲೇಟ್ ಪುಟ್ಟಯ್ಯ, ಹುಣಸೆಕೊಪ್ಪಲು" ಎಂದು ಕಂಡಿತು. ನಿನ್ನ ಅಕ್ಕನ ಪರ್ಮಿಟ್ ಕೂಡ ನಮ್ಮ ಮೆಷಿನ್ನಿನಿಂದಲೇ ಹೋಗುತ್ತದೆ ಎಂದು ನನಗೆ ಹೊಳೆದಿರಲೇ ಇಲ್ಲ. ನೀನು ಅಲ್ಲಿಂದ ಕಾಲೇಜಿಗೆ ಬರುತ್ತಿದ್ದೆ, ನಾನು ಭಾನುವಾರ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಠಿಕಾಣಿ ಹೂಡುತ್ತಿದ್ದೆ. ಚೌಕಳಿ ಹಾಳೆಯ ಮೇಲೆ ಒಂದೊಂದು ಅಕ್ಷರವನ್ನೂ ಚುಕ್ಕಿ ತುಂಬಿ ತುಂಬಿ ಬರೆದೆವು. ಅಕ್ಕ ಆಗತಾನೇ ಸಾಕ್ಷರತೆಯ ಕ್ಲಾಸಿಗೆ ಹೋಗುತ್ತಿದ್ದ ಕಾಲ. ಬರೆದದ್ದನ್ನೆಲ್ಲ ಮೊದಲು ಅಕ್ಕನಿಗೆ ತೋರಿಸುವುದು, ಗುರುತು ಸಿಗದಿದ್ದರೆ ಅಳಿಸುವುದು. "ನಿಮ್ ಭ ಓಟೆ ಬಿದ್ದಿರೋ ಕೊಡ ಇದ್ದಂಗದೆ ಕಣ್ರಲಾ, ಯಾವೂರ ಅಕ್ಸರ ಇದು" ಎಂದು ಉಗಿಸಿಕೊಂಡು ಆ ಒಂದು ಅಕ್ಷರಕ್ಕೆ ಇಡೀ ಮಧ್ಯಾಹ್ನ ಕೂತಿದ್ದೆವು. ಮುದ್ದೆಗೆ ಹಾಕಿದ ಉಪ್ಸಾರಿನ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದರೆ ನೀವಿಬ್ಬರೂ ನಗುತ್ತಿದ್ದಿರಿ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಬೇಡ ಎನ್ನುವುದಿಲ್ಲ.

ಜಯಪ್ರಕಾಶ್


ಹುಣಸೆಕೊಪ್ಪಲು
೧೮-೧೨-೯೪

ಜಯಪ್ರಕಾಸಪ್ಪನಿಗೆ ಚಲುವಮ್ಮ ಬರೆದದ್ದು.

ನನ್ ಕೈಯಾರೆ ನಾನೇ ಬರೀತಾ ಇವ್ನಿ. ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊ.

ಈ ಸಲ ಪರ್ಮಿಟ್ಟು ಇಂಗ್ಲಿಸ್ನಲ್ಲಿ ಬಂತು. ಕಳದ್ ವರ್ಸ ಕನ್ನಡದಲ್ಲಿತ್ತು, ಅದಕ್ಕೂ ಮುಂಚಿನ್ ವರ್ಸನೂ ಕನ್ನಡದಲ್ಲಿತ್ತು. ನಾನೇ ಓದ್ಕೊಂಡಿದ್ದೆ. ಈ ಸಲದ್ರಲ್ಲಿ ನಾಕು ತಾರೀಕು ಅವೆ. ಅಂಕಿ ನಂಗೆ ಗೊತ್ತಾಯ್ತವೆ, ಬಸ್ಸಿನ್ ನಂಬ್ರ ಓದಲ್ವಾ. ಯಾವ್ ತಾರೀಕು ಏನಕ್ಕೆ ಅಂತ ಇಂಗ್ಲಿಸ್ನಲ್ಲಿ ಬರ್ದದೆ, ಅದು ಗೊತ್ತಾಗಾಕಿಲ್ಲ. ನಮ್ ಮೈದ್ನ ನಾಗಯ್ಯನ್ ತಾವ ತಗೊಂಡೋದೆ. ಅವ್ನು ಎಸ್ಸೆಲ್ಸಿ ಮಾಡವ್ನೆ. ಕೊನೇ ತಾರೀಕಿನ ಮೇಲೆ ಬೆಟ್ಟಿಟ್ಟು, ಇಪ್ಪತ್ತೈದಕ್ಕೆ ಕಡಿಯಾಕೆ ಬತ್ತಾರೆ ಅತ್ಗೆ ಅಂದ. ಇನ್ನೂ ದಿನ ಅದಲ್ಲ ಅಂತ ನಾಲೇಲಿ ನೀರು ಬಂದಾಗ ಗದ್ದೆಗೆ ನೀರು ಕಟ್ದೆ.

ಅನ್ನೆರಡ್ಕೇ ಮೇಸ್ತ್ರಿ ಆಳು ಕರ್ಕೊಂಡು ಬಂದ. ಗದ್ದೆ ಎಲ್ಲಾ ಕೆಸ್ರು. ಗಾಡಿ ಇಳಿಯಾಕಿಲ್ಲ ಕಣಮ್ಮ ಅಂದ. ಒಸಿ ಹೊತ್ತು ನಿಂತಿದ್ದು ಪಕ್ಕದ್ ಗದ್ದೆಗೆ ಒಂಟೋದ. ಪಕ್ಕದ್ದು ನಾಗಯ್ಯಂದು. ಅದು ಒಣಗಿತ್ತು. ಅವನ್ ಸರದಿ ಮುಂದಿನ್ ತಿಂಗ್ಳು ಇತ್ತಂತೆ, ಕಾರ್ಕಾನೆ ಫೀಲ್ಡ್‌ಮ್ಯಾನು ಅದ್ಲು ಬದ್ಲು ಮಾಡ್ಕೊಟ್ಟ. ನಂದು ಇನ್ ಯಾವಾಗ್ಲೋ. ಕಬ್ಬು ಹೂ ಬುಟ್ಟು ಸೂಲಂಗಿ ಬಂದು ಬೆಂಡಾಯ್ತಾ ಅದೆ.

ನಾಗಯ್ಯನ್ನ ಕೇಳ್ದೆ. ನಂಗೂ ಸರಿಯಾಗಿ ಗೊತ್ತಾಗ್ನಿಲ್ಲ ಅತ್ಗೆ, ಇಂಗ್ಲಿಸು ಅಂದ. ಇರ್ಬೋದು. ಇಲ್ದೇನೂ ಇರ್ಬೋದು. ಅದು ಅವನ್ಗೆ ಬುಟ್ಟದ್ದು. ನಾನು ನಿನ್ನ ಕೇಳ್ತೀನಿ. ನನ್ ಜಗ್ಲೀಲಿ ಕುಂತ್ಕೊಂಡು ನನ್ಗೆ ತೋರ್ಸಿ ತೋರ್ಸಿ ಬರುದ್ರಲ್ಲ ಆ ಅಕ್ಸರ, ಅವೆಲ್ಲಿಗೋದ್ವು? ಗಂಡ ತೀರ್ಕೊಂಡ್ ಮೇಲೆ ಅವ್ರ್ ಕೈಲಿ ಇವ್ರ್ ಕೈಲಿ ಓದ್ಸೋದು ತಪ್ಲಿ ಅಂತ ನಾನು ಅಕ್ಸರ ಕಲ್ತದ್ದು ಕಣಪ್ಪ. ತಿರ್ಗಾ ತಂದು ಅಲ್ಲೇ ನಿಲ್ಸುದ್ರಲ್ಲ.

ಶಿವರಾಜನಿಗೂ ಬರ್ದಿವ್ನಿ.

ಚಲುವಮ್ಮ


ತೋಪಿನಹಳ್ಳಿ
೨೨ ಡಿಸೆಂಬರ್ ೧೯೯೪

ಶಿವು,

ಅಕ್ಕ ನಿನಗೂ ಬರೆದಿರುವುದರಿಂದ ಆ ಕಥೆಯನ್ನು ಮತ್ತೆ ಹೇಳುವುದಿಲ್ಲ. ಇಲ್ಲಿ ಏನಾಯಿತೆಂದು ಹುಡುಕಿದೆ. ಹುಣಸೆಕೊಪ್ಪಲಿನ ಪರ್ಮಿಟ್ ಅಚ್ಚಾಗುತ್ತಿದ್ದ ದಿನ ನಡುವೆ ಕರೆಂಟು ಹೋಯಿತು. ಅಂಬರೀಶ ಕಾಫಿ ಕುಡಿಯಲು ಎದ್ದುಹೋದ. ಕರೆಂಟು ಬಂದಾಗ ಮೆಷಿನ್ ತಾನೇ ಹತ್ತಿಕೊಂಡು, ಮೆನು ತೋರಿಸಿ, ಕಾದು, ಯಾರೂ ಇಲ್ಲವೆಂದು ನೆಟ್‌ವರ್ಕ್ ಹಿಡಿದು ಕೂತಿದೆ. ಇವನು ಬಂದು ಮಿಕ್ಕ ಪರ್ಮಿಟ್ ಹೊಡೆದಿದ್ದಾನೆ. ಇಂಗ್ಲಿಷಿನಲ್ಲಿ ಬಂದಿದೆ. "ಎಲ್ಡು ಊರಿಂದು ತಾನೇ ಸಾರ್, ತಿರ್ಗಾ ಆರ್ಸಿ ಅಚ್ಚೋದು ಯಾರು ಅಂತ ಕಳಿಸ್ಬುಟ್ಟೆ" ಎಂದ. ಅವನ ಮೇಲೆ ರೇಗಿದೆ. ರೇಗುತ್ತಿರುವಾಗಲೇ ನಿನ್ನ ಜೂನ್ ತಿಂಗಳ ಕಾಗದ ನೆನಪಾಯಿತು.

ಏನೂ ಒತ್ತದಿದ್ದರೆ ಕನ್ನಡವೇ ಬರುವಂತೆ ಅವತ್ತೇ ಬದಲಿಸಿದೆ. ಮಾರನೆಯ ದಿನವೇ ಮ್ಯಾನೇಜರ್ ಕರೆಸಿದರು. ಈ ಆರಿಸಿ ಹಚ್ಚುವ ಆಟ ಇನ್ನು ಸಾಕು, ನೆಟ್‌ವರ್ಕ್ ಒಂದೇ ಇರಲಿ, ಪರ್ಮಿಟ್ ಎಲ್ಲ ಇಂಗ್ಲಿಷಿನಲ್ಲೇ ಹೋಗಲಿ ಎಂದರು. ಮಾವನ ಹತ್ತಿರ ಹೋದೆ. ಮಾವ ಕಾರ್ಖಾನೆಯ ನಿರ್ದೇಶಕರು ಎಂದು ನಿನಗೆ ಗೊತ್ತಿದೆ, ಅದರ ಬಗ್ಗೆ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನಾನೂ ಊಹಿಸಬಲ್ಲೆ. ಅವರು ಅಂದದ್ದು ಇಷ್ಟು: "ಎಲ್ಡೂ ಒಟ್ಗೆ ಓಡಂಗಿದ್ರೆ ಮಡೀಕೊ. ಇಲ್ದಿದ್ರೆ ಮ್ಯಾನೇಜರ್ ಮಾತ್ಗೆ ಅಡ್ಡ ಬರ್ಬೇಡ ಕಣ್ಲಾ." ಸಂಕ್ರಾಂತಿವರೆಗೆ ಕಾಲ ಸಿಕ್ಕಿದೆ. ಆಮೇಲೆ ಅಕ್ಕನಂಥವರು ಇಡೀ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಪರ್ಮಿಟ್ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗಬೇಕು.

ಯಾವ ಮುಖ ಇಟ್ಟುಕೊಂಡು ಕೇಳುತ್ತೀಯ ಎನ್ನಬಹುದು, ಆದರೂ ಕೇಳುತ್ತಿದ್ದೇನೆ. ಆ ಇಪ್ಪತ್ತೆರಡು ಕೆ ಹುಡುಕಿಕೊಡು.

ಜಯಪ್ರಕಾಶ್


ಮಳವಳ್ಳಿ
೨೮ ಡಿಸೆಂಬರ್ ೧೯೯೪

ಜಯಪ್ರಕಾಶ್,

ಅಕ್ಕನ ಕಾಗದ ನಿನ್ನದಕ್ಕಿಂತ ಮೊದಲೇ ಬಂತು. ನಿನಗೆ ಬೈದು ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಬೈದರೆ ಅಕ್ಕನ ಗದ್ದೆಗೆ ಗಾಡಿ ಇಳಿಯುವುದಿಲ್ಲ.

ಕಬ್ಬಿನ ವಿಭಾಗದ ಮೆಷಿನ್ ಹಚ್ಚಿದಾಗ ಅದು ಮೊದಲು ತನ್ನ ಮೆಮೊರಿಯನ್ನು ಎಣಿಸುತ್ತದೆ. ಎಣಿಕೆ ಆರುನೂರ ನಲವತ್ತಕ್ಕೆ ನಿಂತರೆ ನನ್ನಿಂದ ಏನೂ ಆಗದು. ದಾಟಿ ಮುಂದೆ ಹೋದರೆ ಮೇಲೆ ಜಾಗ ಖಾಲಿ ಬಿದ್ದಿದೆ ಎಂದು ಅರ್ಥ. ಅದು ಮನೆಯ ಅಟ್ಟ ಇದ್ದ ಹಾಗೆ. ಅಟ್ಟದಲ್ಲಿ ಒಲೆ ಹಚ್ಚಿ ಅಡುಗೆ ಮಾಡಲಾಗುವುದಿಲ್ಲ, ಪಾತ್ರೆ ಪಗಡೆ ಎತ್ತಿಡಬಹುದು. ಹಾಗೆಯೇ ಅಲ್ಲಿ ನಮ್ಮ ಪ್ರೋಗ್ರಾಂ ಓಡುವುದಿಲ್ಲ, ಅದರ ಸಾಮಾನು ಇಡಬಹುದು. ನಮ್ಮ ಕನ್ನಡದಲ್ಲಿ ಜಾಗ ತಿನ್ನುತ್ತಿರುವುದು ಓಡುವ ಭಾಗವಲ್ಲ, ಚೌಕಳಿ ಹಾಳೆಯ ಮೇಲೆ ಬರೆದೆವಲ್ಲ ಆ ಅಕ್ಷರಗಳ ಆಕಾರ. ಅಷ್ಟನ್ನೂ ಅಟ್ಟಕ್ಕೆ ಹಾಕಿ, ಅಚ್ಚು ಹೊಡೆಯುವಾಗ ಬೇಕಾದ ಅಕ್ಷರವನ್ನು ಮಾತ್ರ ಕೆಳಗಿಳಿಸಿಕೊಂಡರೆ ನಿನ್ನ ಇಪ್ಪತ್ತೆರಡು ಸಿಕ್ಕಿ ಇನ್ನೂ ಮಿಗುತ್ತದೆ.

ನನ್ನ ಬಳಿ ಉಳಿದಿದ್ದ ಹಳೆಯ ಪ್ರತಿ ಇಟ್ಟುಕೊಂಡು ಬರೆಯಲು ಶುರು ಮಾಡಿದ್ದೇನೆ. ಮೆಷಿನ್ ಎಷ್ಟರವರೆಗೆ ಎಣಿಸುತ್ತದೆ ಎಂದು ನೋಡಿ ತಕ್ಷಣ ಕಾರ್ಡು ಹಾಕು. ಫ್ಲಾಪಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಜನವರಿ ಎಂಟು, ಭಾನುವಾರ, ನಾನೇ ತರುತ್ತೇನೆ. ಇದು ಕಾರ್ಖಾನೆಗಾಗಿ ಅಲ್ಲ, ನಿನಗಾಗಿಯೂ ಅಲ್ಲ.

ಶಿವರಾಜು


ತೋಪಿನಹಳ್ಳಿ
೨೦ ಜನವರಿ ೧೯೯೫

ಶಿವು,

ಎರಡೂ ಒಟ್ಟಿಗೆ ಕೂತಿವೆ, ಜಗಳವಿಲ್ಲ. ಮ್ಯಾನೇಜರ್ ತಮ್ಮ ಕೋಣೆಯಿಂದ ಕಬ್ಬಿನ ವಿಭಾಗವನ್ನು ನೋಡುತ್ತಿರುವಾಗಲೇ ಇಲ್ಲಿ ಕನ್ನಡದಲ್ಲಿ ಪರ್ಮಿಟ್ ಅಚ್ಚಾಯಿತು. ನಂಬದೆ ಎದ್ದು ಬಂದು ಪ್ರಿಂಟರಿನ ಮುಂದೆ ನಿಂತರು, ಒಂದು ಪರ್ಮಿಟ್ ಹರಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. "ಸರಿ, ಇರ್ಲಿ ಬಿಡ್ರಿ" ಅಂದರು. ಅವರ ಬಾಯಲ್ಲಿ ಅದು ಸನ್ಮಾನ. ಅಂಬರೀಶನಂತೂ ಮೆನುವಿನ ಪೀಡೆ ತೊಲಗಿತೆಂದು ಮೆಷಿನ್ನಿಗೆ ಕುಂಕುಮ ಇಟ್ಟಿದ್ದಾನೆ.

ಆ ಭಾನುವಾರದ ಬಗ್ಗೆ ಬರೆಯಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಪರದೆಯ ಮುಂದೆ ಪಕ್ಕಪಕ್ಕದಲ್ಲಿ ಕೂತೆವು. ಮೊದಲು ಕನ್ನಡ ಕೂರಿಸಿದಾಗ ನೆಟ್‌ವರ್ಕ್ ಒಲ್ಲೆ ಎಂದದ್ದು, ನೀನು ಎರಡು ಸಾಲು ಹಿಂದುಮುಂದು ಮಾಡಿದ ಕೂಡಲೇ ತೆಪ್ಪಗೆ ಬಂದು ಕೂತದ್ದು, ಎಲ್ಲ ಆಯಿತು. ಆದರೆ ಕೆ ಬಿಟ್ಟು ಬೇರೆ ಒಂದು ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಮದ್ದೂರಿನಿಂದ ವಡೆ ತರಿಸಿದ್ದೆ. ನೀನು ಒಂದನ್ನು ಮುರಿದು ಹಾಗೇ ಇಟ್ಟೆ. ನೀನು ಬಸ್ಸು ಹತ್ತಿದ ಮೇಲೆ ನನಗೆ ಒಂದು ಯೋಚನೆ ಬಂತು, ಕೇಳದೆ ಇರಲಾಗುತ್ತಿಲ್ಲ. ಆ ಅಟ್ಟ ಜೂನ್ ತಿಂಗಳಲ್ಲೂ ಅಲ್ಲೇ ಇತ್ತಲ್ಲವೇ? ನಿನಗೆ ಆಗಲೇ ಗೊತ್ತಿತ್ತಲ್ಲವೇ?

ಜಗಳಕ್ಕೆ ಕೇಳುತ್ತಿಲ್ಲ. ಮೊದಲನೆಯ ತಪ್ಪು ನನ್ನ ಕೈಯಿಂದಲೇ ಆದದ್ದು. ಇನ್ನೊಂದು ವಿಷಯ, ಮುಂದಿನ ಹಂಗಾಮಿಗೆ ನನ್ನ ಜೊತೆ ಇನ್ನೊಬ್ಬರು ಬೇಕಾಗುತ್ತದೆ. ನೀನು ಹೂಂ ಅಂದರೆ ಮಾವನ ಹತ್ತಿರ ಮಾತಾಡುತ್ತೇನೆ.

ಜಯಪ್ರಕಾಶ್


ಮಳವಳ್ಳಿ
೨೯ ಜನವರಿ ೧೯೯೫

ಜಯಪ್ರಕಾಶ್,

ಇತ್ತು. ಗೊತ್ತಿತ್ತು.

ಕಾರ್ಖಾನೆಯ ತೊಂದರೆ ಕಾರ್ಖಾನೆಯೇ ಅನುಭವಿಸಲಿ ಎಂದು ಮೆನು ಕೊಟ್ಟು ಕೈತೊಳೆದುಕೊಂಡೆ. ಆ ಪರ್ಮಿಟ್ ಯಾರ ಕೈಗೆ ಹೋಗುತ್ತದೆ ಎಂಬುದು ಸಿಟ್ಟಿನಲ್ಲಿ ಕಾಣಲಿಲ್ಲ. ನೀನೊಂದು ಸಾಲು ತಿರುಗಿಸಿದೆ, ನಾನೊಂದು ಮಾತು ಬಚ್ಚಿಟ್ಟೆ. ಅಕ್ಕನ ಕಬ್ಬು ಬೆಂಡಾದದ್ದು ಇಬ್ಬರಿಂದಲೂ.

ನೀನು ಕೇಳದೆ ಬಿಟ್ಟದ್ದಕ್ಕೂ ಉತ್ತರ ಬರೆಯುತ್ತೇನೆ. ನೀನೀಗ ಮಾಡುತ್ತಿರುವ ಕೆಲಸ ನನಗೂ ಬೇಕಿತ್ತು. ಸಂದರ್ಶನಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ನನ್ನನ್ನು ಕೇಳಿದ್ದು ಊರು ಯಾವುದು, ಹಲಗೂರು ಎಂದರೆ ಅಲ್ಲಿ ಯಾವ ಬೀದಿ, ಯಾರ ಮಗ, ಇಷ್ಟೇ. ಪ್ರೋಗ್ರಾಂ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹೊರಗೆ ಬಂದಾಗ ನಿನ್ನ ಮಾವ ನಿನ್ನ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಕರೆದುಕೊಂಡು ಹೋದರು. ನಾನು ಅಲ್ಲೇ ನಿಂತಿದ್ದೆ. ನೀನು ತಿರುಗಿ ನೋಡಲಿಲ್ಲ. ಕೆಲಸ ಹೋದದ್ದಕ್ಕೆ ನಾನು ಅಷ್ಟು ನೊಂದುಕೊಳ್ಳಲಿಲ್ಲ. ನೊಂದುಕೊಂಡದ್ದು ಇದಕ್ಕೆ.

ಮಾವನ ಹತ್ತಿರ ಮಾತಾಡಬೇಡ. ನನಗೆ ಅಂಗಡಿ ಇದೆ. ಪ್ರೋಗ್ರಾಂ ಕೈಕೊಟ್ಟರೆ ಬರೆ. ಕೈಕೊಡದಿದ್ದರೂ ಬರೆ.

ಶಿವು


ಹುಣಸೆಕೊಪ್ಪಲು
೬-೩-೯೫

ಶಿವರಾಜನಿಗೆ ಅಕ್ಕ ಬರೆದದ್ದು.

ಜಯಪ್ರಕಾಸ ಮೊನ್ನೆ ಬಂದಿದ್ದ. ಉಂಡ. ನಿನ್ ಸುದ್ದಿ ಕೇಳ್ದ. ಅದ್ನ ಅವನ್ನೇ ಕೇಳ್ಕೊ ಓಗು ಅಂದೆ. ಮಳವಳ್ಳಿಗೆ ಬತ್ತಾನಂತೆ. ಬಂದ್ರೆ ಅಂಗ್ಡಿ ಬಾಗ್ಲಲ್ಲಿ ನಿಲ್ಲಿಸ್ಬೇಡ, ಒಳೀಕೆ ಕರಿ.

ನನ್ ಕಬ್ಬು ಕಡಿದಾಯ್ತು. ಬೆಂಡಾಗಿತ್ತು, ತೂಕ ಬರ್ನಿಲ್ಲ. ಅದು ಓಯ್ತು ಬುಡು. ನಾಗಯ್ಯನ್ ತಾವ ಅವತ್ನಿಂದ ಮಾತು ಬುಟ್ಟಿದ್ದೆ.

ಓದ್ ವಾರ ನಾಗಯ್ಯನ್ ಕಣ್ಗೆ ಕಬ್ಬಿನ ಗರಿ ಒಡೀತು. ಮಂಡ್ಯ ಆಸ್ಪತ್ರೇಲಿ ಎಲ್ಡು ಕಣ್ಗೂ ಪಟ್ಟಿ ಕಟ್ಟಿ ಕಳಿಸವ್ರೆ. ಅವ್ನು ಮನೇಲಿ ಮನಗಿರೋವಾಗ್ಲೇ ಅವನ್ ಇನ್ನೊಂದ್ ಗದ್ದೆ ಕೂಳೆ ಕಬ್ಬಿನ ಪರ್ಮಿಟ್ಟು ಬಂತು. ಅವನ್ ಎಂಡ್ರು ನಾಗಮಣಿಗೆ ಓದಾಕೆ ಬರಾಕಿಲ್ಲ, ಮಕ್ಳಿನ್ನೂ ಸಣ್ಣವು. ನಾಗಮಣಿ ಪರ್ಮಿಟ್ಟು ಇಡ್ಕೊಂಡು ನನ್ ಬಾಗ್ಲಿಗೆ ಬಂದು ನಿಂತ್ಕೊಂಡ್ಲು. ನಾನೇ ಎದ್ದು ಅವ್ರ ಮನೀಗೋದೆ.

ಪರ್ಮಿಟ್ಟು ಕನ್ನಡದಲ್ಲಿತ್ತು. ನಾಕು ತಾರೀಕೂ ಇದ್ವು. ಎಲ್ಲದ್ರ ಮುಂದೂ ಏನು ಅಂತ ಬರ್ದಿತ್ತು, ಕೊನೇದು ಪರ್ಮಿಟ್ಟು ಮುಗಿಯೋ ದಿನ. ಎಲ್ಲಾನೂ ಓದ್ಕೊಂಡೆ. ಕೊನೇ ತಾರೀಕು ಏಳ್ಬುಟ್ರೆ ಯಾರ್ಗ್ ಗೊತ್ತಾಯ್ತದೆ? ನಾಲೇಲಿ ನೀರೂ ಬಂದಿತ್ತು. ನನ್ ಒಟ್ಟೆ ಇನ್ನೂ ಉರೀತಿತ್ತು ಕಣ್ಲಾ ಶಿವರಾಜ, ಸುಳ್ಯಾಕೆ ಏಳ್ಲಿ.

ನಾಗಯ್ಯ ಮಂಚದ್ ಮೇಲೆ ನನ್ ಕಡೀಕೆ ಮೊಕ ಮಾಡ್ಕೊಂಡಿದ್ದ. ಏನ್ ಬರ್ದದೆ ಅತ್ಗೆ ಅಂದ. ನಾನು ಪರ್ಮಿಟ್ಟು ಮಡ್ಚಿ ಇಡ್ಕೊಂಡೆ. ಒಸಿ ಹೊತ್ತು ಬುಟ್ಟು ತಿರ್ಗಾ ಕೇಳ್ದ. ಆಮೇಕೆ ಕೇಳ್ನಿಲ್ಲ. ಕೈ ಕೈ ಇಸುಕ್ಕೊಂಡು ಕುಂತಿದ್ದ. ಅವನ್ ಕೇಳೋದ್ ನಿಲ್ಸುದ್ ಮೇಲೆ ನಾನು ಬಾಯ್ ಬುಟ್ಟೆ.

ಕಟಾವು ದಿನ ಅತ್ನೇ ತಾರೀಕು ಕಣಪ್ಪ, ಗದ್ದೆಗೆ ನೀರು ಕಟ್ಬೇಡ ಅಂದೆ.

ಚಲುವಮ್ಮ